ಅಟ್ಟದಲ್ಲಿ ಸಿಕ್ಕ ಟಿಐ-83 ಪ್ಲಸ್: ಪ್ರೋಗ್ರಾಮಿಂಗ್, ಎಮ್ಯುಲೇಟರ್ ಎಲ್ಲಿಂದ ಶುರು ಮಾಡಲಿ?

ಸೆಲ್‌ಖಾಲಿ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಹಬ್ಬಕ್ಕೆ ಅಟ್ಟ ಗುಡಿಸುತ್ತಿದ್ದಾಗ ಸೋದರಮಾವನ ಹಳೇ ಟ್ರಂಕಿನಲ್ಲಿ ಇಟ್ಟಿಗೆಯಂಥ ಒಂದು ಕ್ಯಾಲ್ಕುಲೇಟರ್ ಸಿಕ್ಕಿತು. ಮೇಲೆ ಟಿಐ-83 ಪ್ಲಸ್ ಅಂತ ಇದೆ. ಮಾವ 2001ರಲ್ಲಿ ಎಂಎಸ್ ಮಾಡಲು ಅಮೆರಿಕಕ್ಕೆ ಹೋಗಿದ್ದಾಗ ಕೊಂಡದ್ದಂತೆ. "ನೀನೇ ಇಟ್ಕೊ, ಅದರಲ್ಲಿ ಪ್ರೋಗ್ರಾಮ್ ಕೂಡ ಬರೀಬಹುದು" ಅಂದರು. ನನಗೆ ಅಷ್ಟೇ ಸಾಕಾಯಿತು.

ನಾನು ಇಂಜಿನಿಯರಿಂಗ್ ಮುಗಿಸಿದ್ದು ಕ್ಯಾಸಿಯೊ ಎಫ್‌ಎಕ್ಸ್-991 ಹಿಡಿದುಕೊಂಡು. ಪ್ರೋಗ್ರಾಮ್ ಹಾಕಬಹುದಾದ ಕ್ಯಾಲ್ಕುಲೇಟರ್‌ಗಳನ್ನು ನಮ್ಮ ಪರೀಕ್ಷೆಗೆ ಬಿಡುತ್ತಲೇ ಇರಲಿಲ್ಲ. ಹಾಗಾಗಿ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರನ್ನು ಮುಟ್ಟಿದ್ದೇ ಇದು ಮೊದಲು. ಪೈಥಾನ್ ಸುಮಾರಾಗಿ ಬರುತ್ತದೆ.

ತೊಂದರೆ ಏನೆಂದರೆ, ಒಳಗಿದ್ದ ಸೆಲ್‌ಗಳು ಕಕ್ಕಿಕೊಂಡು ಸ್ಪ್ರಿಂಗಿನ ಮೇಲೆಲ್ಲಾ ಬಿಳಿ ಪುಡಿ ಕೂತಿದೆ. ಹೊಸ ಸೆಲ್ ಹಾಕಿದರೂ ಪರದೆ ಖಾಲಿ. ಇದು ಸತ್ತೇ ಹೋಗಿದ್ದರೆ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಹಾಕಿಕೊಂಡು ಕಲಿಯಬಹುದು ಅಂತ ಓದಿದೆ. ಆದರೆ ರೋಮ್, ಸ್ಕಿನ್, ಲಿಂಕ್ ಕೇಬಲ್ ಅಂತ ಏನೇನೋ ಹೇಳುತ್ತಾರೆ, ತಲೆಬುಡ ಗೊತ್ತಾಗಲಿಲ್ಲ. ಎಲ್ಲಿಂದ ಶುರು ಮಾಡಲಿ?

ಡಾಲಸ್‌ಕಾವೇರಿ · ಭಾನುವಾರ ಬೆಳಿಗ್ಗೆ

ಸತ್ತಿದೆ ಅಂತ ಈಗಲೇ ತಿಥಿ ಮಾಡಬೇಡಿ. ಮೊದಲು ಸೆಲ್ ತೆಗೆದು, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನಿಗರ್ ಅಥವಾ ನಿಂಬೆರಸದಲ್ಲಿ ಅದ್ದಿ ಆ ಬಿಳಿ ಪುಡಿ ಒರೆಸಿ. ಆಲ್ಕಲೈನ್ ಸೆಲ್ ಕಕ್ಕುವುದು ಕ್ಷಾರ, ಹುಳಿ ತಾಗಿದರೆ ಬಿಡುತ್ತದೆ. ಚೆನ್ನಾಗಿ ಒಣಗಿದ ಮೇಲೆ ಹೊಸ ಟ್ರಿಪಲ್‌ಎ ಸೆಲ್ ನಾಲ್ಕು ಹಾಕಿ.

ಆಮೇಲೆ ಆನ್ ಒತ್ತಿ. ಖಾಲಿ ಕಂಡರೆ ಹಳದಿ ಸೆಕೆಂಡ್ ಕೀಯನ್ನು ಒಮ್ಮೆ ಒತ್ತಿ ಬಿಟ್ಟು, ಮೇಲಿನ ಬಾಣದ ಕೀಯನ್ನು ಒತ್ತಿ ಹಿಡಿದುಕೊಳ್ಳಿ. ಕಾಂಟ್ರಾಸ್ಟ್ ಕೆಳಗಿಳಿದಿದ್ದರೆ ಯಂತ್ರ ಓಡುತ್ತಿದ್ದರೂ ಪರದೆ ಖಾಲಿಯೇ ಕಾಣುತ್ತದೆ. ಇಲ್ಲಿ ಗ್ಯಾರೇಜ್ ಸೇಲ್‌ಗಳಲ್ಲಿ "ಕೆಟ್ಟಿದೆ" ಅಂತ ಎರಡು ಡಾಲರಿಗೆ ಮಾರಿದ್ದನ್ನು ತಂದು, ಬರೀ ಕಾಂಟ್ರಾಸ್ಟ್ ಏರಿಸಿ ಸರಿ ಮಾಡಿದ್ದೇನೆ, ಮೂರು ಸಲ.

ಇನ್ನೊಂದು ಮಾತು. ಯಾರಾದರೂ "ರೀಸೆಟ್ ಮಾಡು" ಅಂದರೆ ಸೆಕೆಂಡ್, ಪ್ಲಸ್, 7, 1, 2 ಮಾತ್ರ ಒತ್ತಿ. ಅದು ರ್ಯಾಮ್ ಮಾತ್ರ ಅಳಿಸುತ್ತದೆ. ಪಕ್ಕದಲ್ಲೇ "ಆಲ್" ಅಂತ ಒಂದು ಇದೆ, ಅದರ ತಂಟೆಗೆ ಹೋಗಬೇಡಿ. ಮಾವ ಆರ್ಕೈವಿನಲ್ಲಿ, ಅಂದರೆ ಸೆಲ್ ಹೋದರೂ ಅಳಿಯದ ಜಾಗದಲ್ಲಿ, ಏನಾದರೂ ಇಟ್ಟಿದ್ದರೆ ಅದೂ ಹೋಗುತ್ತದೆ.

ಎಲೆಅಡಿಕೆ · ಭಾನುವಾರ ಮಧ್ಯಾಹ್ನ

ಬೇಜಾರು ಮಾಡ್ಕೋಬೇಡಿ ಗುರುವೇ, ಆದರೆ ಫೋನಿನಲ್ಲೇ ಪೈಥಾನ್ ಓಡುತ್ತದೆ, ಗ್ರಾಫ್ ಬಣ್ಣದಲ್ಲಿ ಬರುತ್ತದೆ. 96 ಚುಕ್ಕಿ ಅಗಲ, 64 ಚುಕ್ಕಿ ಎತ್ತರದ ಪರದೆ ಕಟ್ಟಿಕೊಂಡು ಏನು ಮಾಡುತ್ತೀರಿ? ಸುಮ್ನೆ ಟೈಂ ಪಾಸ್ ಅಲ್ವಾ?

8085ಕಿಟ್ · ಭಾನುವಾರ ಮಧ್ಯಾಹ್ನ

ಟೈಂ ಪಾಸೇ. ಅದರಲ್ಲಿ ತಪ್ಪೇನಿದೆ?

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ನಿವೃತ್ತನಾದವನು. ಇದರೊಳಗೆ ಏನಿದೆ ಅಂತ ಕೇಳಿ, ಆಮೇಲೆ ಹೇಳಿ. ಝೆಡ್80 ಪ್ರೊಸೆಸರ್, 6 ಮೆಗಾಹರ್ಟ್ಸ್. ರ್ಯಾಮ್ 32 ಕೆಬಿ, ಅದರಲ್ಲಿ ನಮ್ಮ ಪಾಲಿಗೆ ಸುಮಾರು 24 ಕೆಬಿ. ಫ್ಲ್ಯಾಶ್, ಅಂದರೆ ಅಳಿಯದ ಮೆಮೊರಿ, 512 ಕೆಬಿ, ಅದರಲ್ಲಿ 160 ಕೆಬಿ ನಮ್ಮದು, ಉಳಿದದ್ದರಲ್ಲಿ ಅದರ ಆಪರೇಟಿಂಗ್ ಸಿಸ್ಟಮ್. ಇಷ್ಟೇ. ನಿಮ್ಮ ಫೋನಿನೊಳಗೆ ಏನು ನಡೆಯುತ್ತಿದೆ ಅಂತ ಪೂರ್ತಿ ಬಲ್ಲ ಒಬ್ಬ ಮನುಷ್ಯ ಭೂಮಿಯ ಮೇಲಿಲ್ಲ. ಇದನ್ನು ಒಬ್ಬ ಮನುಷ್ಯ, ಒಂದು ಬೇಸಿಗೆ ರಜೆಯಲ್ಲಿ, ಕೊನೆಯ ಬೈಟ್‌ವರೆಗೆ ತಿಳಿದುಕೊಳ್ಳಬಹುದು.

ಇನ್ನು ಇತಿಹಾಸ. ಗ್ರಾಫ್ ಬಿಡಿಸುವ ಮೊದಲ ಕ್ಯಾಲ್ಕುಲೇಟರ್ ಕ್ಯಾಸಿಯೊದ ಎಫ್‌ಎಕ್ಸ್-7000ಜಿ, 1985ರದ್ದು. ಪ್ರೋಗ್ರಾಮಿಗೆ ಅದರಲ್ಲಿ ಇದ್ದ ಜಾಗ 422 ಬೈಟ್. ನೀವು ಮೇಲೆ ಬರೆದಿರುವ ಪ್ರಶ್ನೆಯೇ ಅದರಲ್ಲಿ ಹಿಡಿಸುವುದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1990ರಲ್ಲಿ ಟಿಐ-81 ತಂದರು, 1996ರಲ್ಲಿ 83, 1999ರಲ್ಲಿ ನಿಮ್ಮ 83 ಪ್ಲಸ್. ಅಂದಹಾಗೆ ಅದೇ ಕಂಪನಿ ಬೆಂಗಳೂರಿಗೆ ಬಂದದ್ದೂ 1985ರಲ್ಲೇ. ನಮ್ಮ ಹುಡುಗರು ಕೆಲವರು ಅಲ್ಲಿಗೆ ಸೇರಿದ್ದರು, ಆದರೆ ಈ ಕ್ಯಾಲ್ಕುಲೇಟರ್ ಯಾವತ್ತೂ ನಮ್ಮ ತರಗತಿಗೆ ಬರಲಿಲ್ಲ.

ಸೆಲ್‌ಖಾಲಿ · ಭಾನುವಾರ ಸಂಜೆ

ಅಕ್ಕಾ, ಬಂತು!! ನಿಂಬೆಹಣ್ಣು ಅರ್ಧ ಹೋಳು ಖರ್ಚು. ಸ್ಪ್ರಿಂಗ್ ಒಂದು ತುಕ್ಕು ಹಿಡಿದು ಮುರಿಯಿತು, ಹಳೇ ಟಾರ್ಚಿನದ್ದು ಹಾಕಿದೆ. ಆನ್ ಒತ್ತಿದರೆ ಏನೂ ಇಲ್ಲ. ಸೆಕೆಂಡ್ ಒತ್ತಿ ಮೇಲಿನ ಬಾಣ ಹಿಡಿದುಕೊಂಡೆ, ಮಂಜಿನೊಳಗಿಂದ ಬಸ್ಸು ಬಂದ ಹಾಗೆ ನಿಧಾನಕ್ಕೆ "ರ್ಯಾಮ್ ಕ್ಲಿಯರ್ಡ್" ಅಂತ ಅಕ್ಷರ ಮೂಡಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದರು, ಏನಾಯಿತೋ ಅಂತ.

ಆದರೂ ಎಮ್ಯುಲೇಟರ್ ಬೇಕು. ಈ ರಬ್ಬರ್ ಕೀಗಳಲ್ಲಿ ಟೈಪ್ ಮಾಡಿ ಹೆಬ್ಬೆರಳು ನೋಯುತ್ತಿದೆ.

ಬೂಟ್‌ಪೇಜ್ · ಭಾನುವಾರ ರಾತ್ರಿ

ಎಮ್ಯುಲೇಟರ್ ಕಥೆ ನಾನು ಹೇಳುತ್ತೇನೆ.

ಮೊದಲು ರೋಮ್ ಅಂದರೇನು ಅಂತ. ಎಮ್ಯುಲೇಟರ್ ಎನ್ನುವುದು ಬರೀ ಖಾಲಿ ದೇಹ. ಝೆಡ್80 ಒಂದೊಂದು ಆದೇಶಕ್ಕೆ ಏನು ಮಾಡುತ್ತದೋ ಅದನ್ನೇ ಮಾಡುವ, ಎಷ್ಟು ಗಡಿಯಾರ ಬಡಿತ ಬೇಕೋ ಅಷ್ಟೇ ಎಣಿಸುವ ಒಂದು ಪ್ರೋಗ್ರಾಮ್. ಸೈನ್ ಲೆಕ್ಕ ಹಾಕುವುದು, ಮೆನು ತೋರಿಸುವುದು, ಎರರ್ ಕೊಡುವುದು ಎಲ್ಲ ಇರುವುದು ಕ್ಯಾಲ್ಕುಲೇಟರಿನ ಸ್ವಂತ ಕೋಡಿನಲ್ಲಿ. ಆ ಕೋಡಿನ ಪಡಿಯಚ್ಚೇ ರೋಮ್ ಫೈಲ್. ಸ್ಕಿನ್ ಅಂದರೆ ಬರೀ ಚಿತ್ರ, ಕೀಗಳು ಎಲ್ಲಿವೆ ಅಂತ ತೋರಿಸೋಕೆ. ಅದಿಲ್ಲದೆಯೂ ನಡೆಯುತ್ತದೆ.

ವಿಂಡೋಸ್‌ನಲ್ಲಿದ್ದರೆ ವ್ಯಾಬಿಟ್‌ಎಮು. ಲಿನಕ್ಸ್‌ನಲ್ಲಿದ್ದರೆ ಟಿಲ್‌ಎಮ್. ಎರಡೂ ಉಚಿತ. ಟಿಐ-81ರಿಂದ 84 ಪ್ಲಸ್‌ವರೆಗೆ ಝೆಡ್80 ಇರುವ ಮಾದರಿಗಳು ಅವುಗಳಲ್ಲಿ ಓಡುತ್ತವೆ. ಟಿಐ-89, 92ರ ಒಳಗೆ ಇರುವುದು ಮೊಟೊರೊಲಾ 68000, ಅದಕ್ಕೆ ಟಿಐಎಮು ಬೇಕು. ಅದು ಬೇರೆ ಸಂಸಾರ, ಈಗ ಬೇಡ.

ರೋಮ್ ಪಡೆಯಲು ಸರಿಯಾದ ದಾರಿ ನಿಮ್ಮದೇ ಕ್ಯಾಲ್ಕುಲೇಟರಿನಿಂದ ಇಳಿಸಿಕೊಳ್ಳುವುದು. ಅದಕ್ಕೆ ತಳದಲ್ಲಿರುವ 2.5 ಮಿಲಿಮೀಟರ್ ತೂತಿನಿಂದ ಯುಎಸ್‌ಬಿಗೆ ಹೋಗುವ ಲಿಂಕ್ ಕೇಬಲ್ ಬೇಕು. ಹಳೇ ಫೋನಿನ ಇಯರ್‌ಫೋನ್ ಪಿನ್ನಿನಂತೆ ಕಾಣುತ್ತದೆ, ಆದರೆ ಸುಮ್ನೆ ವೈರ್ ಜೋಡಿಸಿದರೆ ಆಗುವುದಿಲ್ಲ. ಟ್ರಂಕಿನಲ್ಲಿ ಬೆಳ್ಳಿ ಬಣ್ಣದ ವೈರ್ ಇದೆಯಾ ನೋಡಿ. ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. 83 ಪ್ಲಸ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ಫ್ಲ್ಯಾಶ್‌ನಲ್ಲಿರುವುದರಿಂದ, ಅದನ್ನು ಹೊಸದಾಗಿ ಹಾಕಿಕೊಳ್ಳಲು ಕಂಪನಿಯೇ ಫೈಲ್ ಕೊಡುತ್ತಿತ್ತು. ವ್ಯಾಬಿಟ್‌ಎಮು ಮೊದಲ ಸಲ ತೆರೆದಾಗ ಆ ಫೈಲ್ ಕೇಳಿ, ಯಂತ್ರವನ್ನು ಎಬ್ಬಿಸುವ ಕೋಡ್ ಇರುವ ಬೂಟ್ ಪುಟಕ್ಕೆ ಬದಲಾಗಿ ಬೂಟ್‌ಫ್ರೀ ಅನ್ನುವ ಮುಕ್ತ ಕೋಡ್ ಸೇರಿಸಿ, ರೋಮನ್ನು ತಾನೇ ಕಟ್ಟಿಕೊಳ್ಳುತ್ತದೆ. ಬರೀ 83ರಲ್ಲಿ, ಅಂದರೆ ಪ್ಲಸ್ ಇಲ್ಲದ್ದರಲ್ಲಿ, ಫ್ಲ್ಯಾಶ್ ಇಲ್ಲ. ಆ ಸೌಕರ್ಯವೂ ಇಲ್ಲ.

ಫಸ್ಟ್‌ಬೆಂಚ್ · ಭಾನುವಾರ ರಾತ್ರಿ

ಬ್ರೋ ಇಷ್ಟೆಲ್ಲಾ ಯಾಕೆ, ರೋಮ್ ಲಿಂಕ್ ಇದ್ರೆ ಇಲ್ಲೇ ಹಾಕಿ.

ಕಾವಲುಗಾರ (ನಿರ್ವಾಹಕ) · ಭಾನುವಾರ ರಾತ್ರಿ

ಹಾಕಬೇಡಿ. ಆ ಕೋಡಿನ ಹಕ್ಕು ಇನ್ನೂ ಕಂಪನಿಯದೇ. ಲಿಂಕ್ ಕಂಡರೆ ಅಳಿಸುತ್ತೇನೆ. ಮೇಲೆ ದಾರಿ ಹೇಳಿದ್ದಾರೆ, ಹಾಗೆ ಮಾಡಿ.

ಸೆಲ್‌ಖಾಲಿ · ಸೋಮವಾರ ರಾತ್ರಿ

ವ್ಯಾಬಿಟ್‌ಎಮು ಓಡಿತು. ಟೇಬಲ್ ಮೇಲೆ ಒಂದು, ಪರದೆಯ ಮೇಲೆ ಒಂದು, ಅವಳಿ ಜವಳಿ. ಖುಷಿಯಾಗಿ ಮೊದಲ ಪ್ರೋಗ್ರಾಮ್ ಬರೆದೆ. ಒಂದು ಸಂಖ್ಯೆ ಕೇಳಿ ಅದನ್ನೇ ತೋರಿಸಬೇಕು, ಅಷ್ಟೇ. ನನ್ನ ಫೋನಿನಲ್ಲಿ ಕನ್ನಡ ಕೀಲಿಮಣೆಯೇ ಇರುವುದು, ಕೋಡನ್ನೂ ಹಾಗೇ ಬರೆಯುತ್ತೇನೆ, ಸಹಿಸಿಕೊಳ್ಳಿ:

ಪ್ರಾಂಪ್ಟ್‌ಎನ್
ಡಿಸ್ಪ್‌ಎನ್

ಓಡಿಸಿದರೆ ಏನೂ ಕೇಳಲಿಲ್ಲ. ನೇರವಾಗಿ 0 ಅಂತ ತೋರಿಸಿ ಸುಮ್ಮನಾಯಿತು. ಎರರ್ ಕೊಟ್ಟಿದ್ದರೆ ಹುಡುಕುತ್ತಿದ್ದೆ. ಎರರ್ ಕೂಡ ಇಲ್ಲ! ಟೇಬಲ್ ಮೇಲಿನದ್ದರಲ್ಲೂ ಹಾಗೇ. ಎಮ್ಯುಲೇಟರ್ ತಪ್ಪಲ್ಲ ಅಂತಾಯಿತು.

ಡಾಲಸ್‌ಕಾವೇರಿ · ಸೋಮವಾರ ರಾತ್ರಿ

ಹಹ್ಹಾ. ಆಲ್ಫಾ ಕೀ ಒತ್ತಿ ಡಿ, ಐ, ಎಸ್, ಪಿ ಅಂತ ಒಂದೊಂದೇ ಅಕ್ಷರ ಟೈಪ್ ಮಾಡಿದಿರಿ, ಅಲ್ವಾ?

ಈ ಯಂತ್ರದಲ್ಲಿ ಎ ಇಂದ ಝೆಡ್‌ವರೆಗೆ ಪ್ರತಿ ಅಕ್ಷರವೂ ಒಂದು ಚರ. ಪಕ್ಕಪಕ್ಕ ಬರೆದರೆ ಗುಣಾಕಾರ. ನೀವು ಬರೆದದ್ದು "ಡಿ ಗುಣಿಸು ಐ ಗುಣಿಸು ಎಸ್ ಗುಣಿಸು ಪಿ ಗುಣಿಸು ಎನ್". ರ್ಯಾಮ್ ಅಳಿದಿರುವುದರಿಂದ ಎಲ್ಲವೂ ಸೊನ್ನೆ. ಸೊನ್ನೆ ಗುಣಿಸು ಸೊನ್ನೆ, ಉತ್ತರ ಸೊನ್ನೆ. ಪ್ರೋಗ್ರಾಮಿನ ಕೊನೆಯ ಸಾಲು ಬರೀ ಲೆಕ್ಕವಾಗಿದ್ದರೆ "ಡನ್" ಬದಲು ಅದರ ಉತ್ತರ ತೋರಿಸುತ್ತದೆ. ಯಂತ್ರ ನೀವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ, ಪಾಪ.

ಕಮಾಂಡುಗಳನ್ನು ಟೈಪ್ ಮಾಡುವಂತಿಲ್ಲ, ಮೆನುವಿನಿಂದ ಆರಿಸಬೇಕು. ಪ್ರೋಗ್ರಾಮ್ ಎಡಿಟರಿನೊಳಗೆ ಇರುವಾಗಲೇ ಪಿಆರ್‌ಜಿಎಮ್ ಕೀ ಒತ್ತಿ. ಸಿಟಿಎಲ್ ಪಟ್ಟಿಯಲ್ಲಿ ಇಫ್, ಫಾರ್, ವೈಲ್, ರಿಪೀಟ್ ಇವೆ. ಬಲಬಾಣ ಒತ್ತಿದರೆ ಐ/ಓ ಪಟ್ಟಿ, ಅಲ್ಲಿ ಇನ್‌ಪುಟ್, ಪ್ರಾಂಪ್ಟ್, ಡಿಸ್ಪ್, ಔಟ್‌ಪುಟ್. ಹಾಗೆ ಆರಿಸಿದ ಡಿಸ್ಪ್ ಪರದೆಯಲ್ಲಿ ನಾಲ್ಕು ಅಕ್ಷರದಂತೆ ಕಂಡರೂ ಒಳಗೆ ಒಂದೇ ಬೈಟ್. ಬಾಣದ ಕೀ ಒತ್ತಿ ನೋಡಿ, ಕರ್ಸರ್ ಇಡೀ ಪದವನ್ನು ಒಂದೇ ನೆಗೆತಕ್ಕೆ ದಾಟುತ್ತದೆ. ದಾಟದೆ ಅಕ್ಷರಕ್ಕೊಮ್ಮೆ ನಿಂತರೆ ಟೈಪ್ ಮಾಡಿದ್ದೀರಿ ಅಂತ ಅರ್ಥ. ಇಲ್ಲಿನ ಹೈಸ್ಕೂಲ್ ಮಕ್ಕಳಿಗೆ ನಾನು ಮೊದಲು ಕಲಿಸುವುದೇ ಈ ನೆಗೆತ.

ಸೆಲ್‌ಖಾಲಿ · ಮಂಗಳವಾರ ರಾತ್ರಿ

ನೆಗೆಯಿತು ಅಕ್ಕ! ಧೈರ್ಯ ಬಂದು ಮಗ್ಗಿ ಬರೆದೆ:

ಪ್ರಾಂಪ್ಟ್ ಎನ್
ಫಾರ್(ಐ,1,10
ಡಿಸ್ಪ್ ಎನ್*ಐ
ಎಂಡ್

ಕೊನೆಯ ಆವರಣ ಮುಚ್ಚದಿದ್ದರೂ ಬೈಯಲಿಲ್ಲ, ಒಳ್ಳೇ ಯಂತ್ರ. ಆದರೆ ಏಳರ ಮಗ್ಗಿ ಕೇಳಿದರೆ ಏಳು, ಹದಿನಾಲ್ಕು ಎಲ್ಲ ಮೇಲಕ್ಕೆ ಓಡಿಹೋಗಿ ಕೊನೆಯ ಕೆಲವು ಸಾಲು ಮಾತ್ರ ಉಳಿದವು. ಸರಿ ಅಂತ ಡಿಸ್ಪ್ ಬಿಟ್ಟು ಔಟ್‌ಪುಟ್(ಐ,1,ಎನ್*ಐ ಹಾಕಿದೆ. ಐವತ್ತಾರರವರೆಗೆ ಚೆನ್ನಾಗಿ ಬಂತು, ಆಮೇಲೆ ಎರರ್: ಡೊಮೇನ್. ಮಗ್ಗಿಗೂ ಡೊಮೇನಿಗೂ ಏನು ಸಂಬಂಧ?

8085ಕಿಟ್ · ಬುಧವಾರ ಬೆಳಿಗ್ಗೆ

ಪರದೆಯಲ್ಲಿ ಎಷ್ಟು ಸಾಲು ಇವೆ, ಬೆರಳಿಟ್ಟು ಎಣಿಸಿ ನೋಡಪ್ಪ. ಎಂಟು. ಸಾಲಿಗೆ ಅಕ್ಷರ ಹದಿನಾರು. ಒಂಬತ್ತನೇ ಸಾಲಿಗೆ ಬರೆ ಅಂದರೆ ಅದು ಎಲ್ಲಿ ಬರೆಯಬೇಕು, ಗೋಡೆ ಮೇಲಾ? ಅದಕ್ಕೇ ಡೊಮೇನ್ ಅಂದಿತು.

ಮಗ್ಗಿ ಪುಸ್ತಕದಲ್ಲಿ ಹೇಗೆ ಅಚ್ಚು ಹಾಕುತ್ತಾರೆ? ಅಕ್ಕಪಕ್ಕ. ನೀನೂ ಹಾಗೇ ಮಾಡು. ಐದು ಎಡಕ್ಕೆ, ಐದು ಬಲಕ್ಕೆ:

ಪ್ರಾಂಪ್ಟ್ ಎನ್
ಕ್ಲಿಯರ್‌ಹೋಮ್
ಫಾರ್(ಐ,1,5
ಔಟ್‌ಪುಟ್(ಐ,1,ಎನ್*ಐ
ಔಟ್‌ಪುಟ್(ಐ,9,ಎನ್*(ಐ+5
ಎಂಡ್
ಪಾಜ್

ಕೊನೆಯ ಪಾಜ್ ಯಾಕೆ ಅಂತ ನಾನು ಹೇಳುವುದಿಲ್ಲ. ತೆಗೆದು ಓಡಿಸಿ ನೋಡು.

ಎಲೆಅಡಿಕೆ · ಬುಧವಾರ ಬೆಳಿಗ್ಗೆ

ಸರಿ, ಒಪ್ಪಿದೆ, ಇದು ಮಜಾ ಇದೆ. ನಾನೂ ಎಮ್ಯುಲೇಟರ್ ಹಾಕಿಕೊಂಡೆ. ಆಂಡ್ರಾಯ್ಡ್‌ನಲ್ಲೂ ವ್ಯಾಬಿಟ್‌ಎಮು ಇತ್ತು. ನನ್ನದು ಸಂಖ್ಯೆ ಊಹಿಸುವ ಆಟ. ಒಂದು ವಿಚಿತ್ರ: ತುಂಬಾ ಹೊತ್ತು ಆಡಿದ ಮೇಲೆ ಎರರ್: ಮೆಮೊರಿ ಅನ್ನುತ್ತದೆ. ಪ್ರೋಗ್ರಾಮ್ ಇರುವುದೇ ಹದಿನೈದು ಸಾಲು. "ಮತ್ತೆ ಆಡುತ್ತೀರಾ" ಅಂತ ಕೇಳಿ, ಹೌದಾದರೆ ಗೋಟು ಹಾಕಿ ಮೇಲಕ್ಕೆ ಕಳಿಸುತ್ತೇನೆ. ಅಷ್ಟಕ್ಕೇ ಮೆಮೊರಿ ತುಂಬುತ್ತದಾ?

ಡಾಲಸ್‌ಕಾವೇರಿ · ಬುಧವಾರ ರಾತ್ರಿ

ಗೋಟು ಇರುವುದು ಇಫ್-ದೆನ್-ಎಂಡ್ ಒಳಗೆ ತಾನೇ?

ದೆನ್ ಕಂಡ ಕೂಡಲೇ ಯಂತ್ರ "ಮುಂದೆ ಒಂದು ಎಂಡ್ ಬರಬೇಕು" ಅಂತ ನೆನಪಿಗೆ ಒಂದು ಚೀಟಿ ಬರೆದಿಟ್ಟುಕೊಳ್ಳುತ್ತದೆ. ಎಂಡ್ ಸಿಕ್ಕಾಗ ಆ ಚೀಟಿ ಹರಿದು ಹಾಕುತ್ತದೆ. ನೀವು ಮಧ್ಯದಲ್ಲೇ ಗೋಟು ಹಾಕಿ ಹಾರಿದರೆ ಎಂಡ್ ಸಿಗುವುದೇ ಇಲ್ಲ, ಚೀಟಿ ಹಾಗೇ ಉಳಿಯಿತು. ಪ್ರತಿ ಆಟಕ್ಕೂ ಒಂದು ಚೀಟಿ. ಜೇಬು ತುಂಬಿದ ದಿನ ಎರರ್. ಫಾರ್, ವೈಲ್ ಒಳಗಿಂದ ಹಾರಿದರೂ ಇದೇ ಕಥೆ.

ದೆನ್, ಎಂಡ್ ಎರಡೂ ತೆಗೆದುಬಿಡಿ. ಇಫ್ ಎ=1, ಕೆಳಗಿನ ಸಾಲಿನಲ್ಲಿ ಗೋಟು, ಅಷ್ಟೇ. ದೆನ್ ಇಲ್ಲದ ಇಫ್ ಮುಂದಿನ ಒಂದೇ ಸಾಲನ್ನು ನೋಡುತ್ತದೆ, ಚೀಟಿ ಬರೆಯುವುದಿಲ್ಲ. ಇನ್ನೂ ಒಳ್ಳೆಯದು ಇಡೀ ಆಟವನ್ನು ರಿಪೀಟ್ ಒಳಗೆ ಕೂರಿಸುವುದು. ಗೋಟು ಪ್ರತಿ ಸಲ ತನ್ನ ಲೇಬಲನ್ನು, ಅಂದರೆ ಹಾರಬೇಕಾದ ಜಾಗದ ಗುರುತನ್ನು, ಪ್ರೋಗ್ರಾಮಿನ ಮೊದಲಿಂದ ಹುಡುಕುತ್ತಾ ಬರುತ್ತದೆ, ಉದ್ದ ಪ್ರೋಗ್ರಾಮಾದರೆ ನಿಧಾನ ಬೇರೆ.

ಆರ್‌ಪಿಎಲ್‌ಹುಚ್ಚ · ಬುಧವಾರ ರಾತ್ರಿ

ಎಲ್ಲರೂ ಟಿಐ ಜಪ ಮಾಡುತ್ತಿದ್ದೀರಿ. ಸ್ವಲ್ಪ ಎಚ್‌ಪಿ ಕಡೆಗೂ ತಿರುಗಿ ನೋಡಿ.

ನನ್ನದು ಎಚ್‌ಪಿ 48ಜಿಎಕ್ಸ್, 1993ರ ಮಾದರಿ. ಇದರಲ್ಲಿ ಸಮ ಚಿಹ್ನೆ ಒತ್ತಿ ಲೆಕ್ಕ ಮಾಡುವುದಿಲ್ಲ. 3 ಎಂಟರ್ 4 ಪ್ಲಸ್. ಸಂಖ್ಯೆಗಳು ಒಂದರ ಮೇಲೊಂದು ತಟ್ಟೆ ಜೋಡಿಸಿದ ಹಾಗೆ ಕೂರುತ್ತವೆ, ಪ್ಲಸ್ ಬಂದು ಮೇಲಿನ ಎರಡು ತಟ್ಟೆ ತೆಗೆದು ಒಂದು ಇಡುತ್ತದೆ. ಕನ್ನಡ ಬಲ್ಲವರಿಗೆ ಇದು ಕಷ್ಟವೇ ಅಲ್ಲ ಅಂತ ನನ್ನ ವಾದ. "ಮೂರಕ್ಕೆ ನಾಲ್ಕು ಕೂಡು" ಅಂತೀವಿ ನಾವು. ಕ್ರಿಯಾಪದ ಕೊನೆಗೇ ಬರುವುದು! ವರ್ಗ ಮಾಡುವ ಪ್ರೋಗ್ರಾಮ್ ಬರೆಯಬೇಕಾದರೆ ಎರಡೇ ಪದ: ಡ್ಯೂಪ್, ಗುಣಿಸು. ಮೇಲಿನ ತಟ್ಟೆಯ ನಕಲು ಮಾಡು, ಎರಡನ್ನೂ ಗುಣಿಸು. ಚರವೇ ಬೇಡ.

ಎಮ್ಯುಲೇಟರ್ ಎಮು48. 48ರ ರೋಮನ್ನು ಇಳಿಸಿಕೊಳ್ಳಲು ಎಚ್‌ಪಿ ಕಂಪನಿಯೇ ಅನುಮತಿ ಕೊಟ್ಟಿತ್ತು, ಹಾಗಾಗಿ ನಿರ್ವಾಹಕರ ಕೈಯಲ್ಲಿ ಬೈಸಿಕೊಳ್ಳುವ ಭಯವಿಲ್ಲ. ಇನ್ನೂ ಒಂದು ತಮಾಷೆ ಹೇಳುತ್ತೇನೆ. 48ರೊಳಗೆ ಇರುವುದು ಸ್ಯಾಟರ್ನ್ ಅನ್ನುವ ಪ್ರೊಸೆಸರ್, ನಾಲ್ಕು ನಾಲ್ಕು ಬಿಟ್ ಎತ್ತಿಕೊಳ್ಳುವಂಥದ್ದು. 2003ರಲ್ಲಿ 49ಜಿ+, 2006ರಲ್ಲಿ 50ಜಿ ಬಂದಾಗ ಆ ಚಿಪ್ ಹೋಗಿ ಆರ್ಮ್ ಚಿಪ್ ಬಂದಿತ್ತು. ಹಳೇ ಕೋಡ್ ಬಿಸಾಡಲು ಮನಸ್ಸು ಬರಲಿಲ್ಲ, ಆರ್ಮ್ ಮೇಲೆ ಸ್ಯಾಟರ್ನ್ ಎಮ್ಯುಲೇಟರ್ ಹಾಕಿ ಅದರ ಮೇಲೆ ಹಳೇ ಕೋಡನ್ನೇ ಓಡಿಸಿದರು. ಅಂಗಡಿಯಲ್ಲಿ ಹೊಸ ಡಬ್ಬಿಯಲ್ಲಿ ಮಾರಿದ್ದೇ ಎಮ್ಯುಲೇಟರನ್ನು. "ಎಮ್ಯುಲೇಟರ್ ಅಸಲಿ ಅಲ್ಲ" ಅನ್ನುವವರು ಸಿಕ್ಕರೆ ನಾನು ನನ್ನ 50ಜಿ ತೆಗೆದು ಮೇಜಿನ ಮೇಲೆ ಇಡುತ್ತೇನೆ.

ಫಸ್ಟ್‌ಬೆಂಚ್ · ಗುರುವಾರ ಬೆಳಿಗ್ಗೆ

ಇಲ್ಲಿ ಎಲ್ಲರೂ ಬರೀತಿರೋ ಈ ಬೇಸಿಕ್ ಭಾಷೆ ನಿಧಾನ ಅನ್ನಿಸ್ತಿದೆ. ನೇರ ಅಸೆಂಬ್ಲಿಗೆ, ಅಂದ್ರೆ ಪ್ರೊಸೆಸರಿನ ಸ್ವಂತ ಭಾಷೆಗೆ, ಹೋಗಬಹುದಾ?

8085ಕಿಟ್ · ಗುರುವಾರ ಮಧ್ಯಾಹ್ನ

ಇಷ್ಟು ದಿನ ಈ ಪ್ರಶ್ನೆಗೇ ಕಾಯುತ್ತಿದ್ದೆ.

ನಮ್ಮ ಲ್ಯಾಬ್‌ನಲ್ಲಿ 8085 ಅನ್ನುವ ಪ್ರೊಸೆಸರಿನ ಟ್ರೇನರ್ ಕಿಟ್ ಇತ್ತು. ಆರು ಕೆಂಪು ಅಂಕಿಗಳ ಪರದೆ, ಹೆಕ್ಸ್ ಕೀಪ್ಯಾಡ್ (ಹದಿನಾರರ ಲೆಕ್ಕ, 9 ಆದ ಮೇಲೆ ಎ ಇಂದ ಎಫ್‌ವರೆಗೆ). ಹುಡುಗರು ರೆಕಾರ್ಡ್ ಪುಸ್ತಕದಲ್ಲಿ ಆಪ್‌ಕೋಡ್, ಅಂದರೆ ಒಂದೊಂದು ಆದೇಶದ ಸಂಖ್ಯೆ, ಬರೆದುಕೊಂಡು ಬಂದು ಒಂದೊಂದೇ ಬೈಟ್ ಒತ್ತಿ ತುಂಬುತ್ತಿದ್ದರು. ಕರೆಂಟ್ ಹೋದರೆ ಮೊದಲಿಂದ. ಆ ಲ್ಯಾಬ್ ಮಾಡಿದವರು ಇಲ್ಲಿ ಬಹಳ ಜನ ಇದ್ದೀರಿ ಅಂತ ಗೊತ್ತು. ನಿಮಗೆ ಇದು ತವರುಮನೆ. ಯಾಕೆಂದರೆ 8085, ಝೆಡ್80 ಎರಡೂ 8080 ಅನ್ನುವ ಹಳೇ ಪ್ರೊಸೆಸರಿನ ಮಕ್ಕಳು. ಆಪ್‌ಕೋಡ್‌ಗಳಲ್ಲಿ ಹೆಚ್ಚಿನವು ಒಂದೇ, ಹೆಸರು ಮಾತ್ರ ಬೇರೆ. 8085ರಲ್ಲಿ ಎಲ್‌ಎಕ್ಸ್‌ಐ ಎಚ್ ಅಂದದ್ದು ಇಲ್ಲಿ ಎಲ್‌ಡಿ ಎಚ್‌ಎಲ್. ಎರಡರಲ್ಲೂ 21. ಹಿಂತಿರುಗು ಅನ್ನುವುದಕ್ಕೆ ಎರಡರಲ್ಲೂ ಸಿ9.

83 ಪ್ಲಸ್‌ನಲ್ಲಿ ಹೊಸ ಪ್ರೋಗ್ರಾಮ್ ತೆರೆಯಿರಿ. ಕ್ಯಾಟಲಾಗ್‌ನಿಂದ ಎಎಸ್ಎಂಪಿಆರ್‌ಜಿಎಂ ಅನ್ನುವುದನ್ನು ಆರಿಸಿ ಹಾಕಿ. ಕೆಳಗೆ ಏಳು ಬೈಟ್:

21 ಎ4 07 ಇಎಫ್ 07 45 ಸಿ9

ಜಾಗ ಬಿಡದೆ ಒತ್ತಬೇಕು. ಹೊರಗೆ ಬಂದು, ಕ್ಯಾಟಲಾಗ್‌ನಿಂದಲೇ ಎಎಸ್ಎಂ( ತೆಗೆದು, ಪಕ್ಕದಲ್ಲಿ ನಿಮ್ಮ ಪ್ರೋಗ್ರಾಮಿನ ಹೆಸರು ಹಾಕಿ ಎಂಟರ್ ಒತ್ತಿ. 1956 ಅಂತ ಬರುತ್ತದೆ. ಕರ್ನಾಟಕ ಒಂದಾದ ವರ್ಷ.

ಬಿಡಿಸಿ ನೋಡೋಣ. 21, ಮುಂದಿನ ಎರಡು ಬೈಟನ್ನು ಎಚ್‌ಎಲ್ ಅನ್ನುವ, ಪ್ರೊಸೆಸರಿನೊಳಗಿನ ಪುಟ್ಟ ಡಬ್ಬಿಯಲ್ಲಿ ಇಡು. ಚಿಕ್ಕ ಬೈಟ್ ಮೊದಲು, ದೊಡ್ಡದು ಆಮೇಲೆ. ಹಾಗಾಗಿ ಎ4 07 ಅಂದರೆ 07ಎ4. ಏಳು ಸಲ 256 ಅಂದರೆ 1792, ಎ4 ಅಂದರೆ 164, ಕೂಡಿದರೆ 1956. ಆಮೇಲೆ ಇಎಫ್. 8085ರವರಿಗೆ ಗೊತ್ತು, ಅದು ಆರ್‌ಎಸ್‌ಟಿ 5. ಇಲ್ಲೂ ಅದೇ. ಈ ಕ್ಯಾಲ್ಕುಲೇಟರಿನಲ್ಲಿ ಅದು ಆಪರೇಟಿಂಗ್ ಸಿಸ್ಟಮ್ಮಿನ ಬಾಗಿಲು. ಬಾಗಿಲು ಬಡಿದು ಒಂದು ನಂಬರ್ ಹೇಳಿದರೆ ಒಳಗಿನವರು ಆ ಕೆಲಸ ಮಾಡಿಕೊಡುತ್ತಾರೆ. 4507 ಅಂದರೆ "ಎಚ್‌ಎಲ್‌ನಲ್ಲಿ ಇರುವುದನ್ನು ಪರದೆಗೆ ಬರೆ". ಇಲ್ಲೂ ತಿರುಗಿಸಿ 07 45. ಕೊನೆಗೆ ಸಿ9.

ಸಿ9 ಮರೆತರೆ? ಯಂತ್ರ ಮುಂದೆ ಮೆಮೊರಿಯಲ್ಲಿ ಏನು ಕಸ ಸಿಕ್ಕುತ್ತದೋ ಅದನ್ನೂ ಆದೇಶ ಅಂದುಕೊಂಡು ಓಡುತ್ತಾ ಹೋಗಿ ಎಲ್ಲೋ ಮುಗ್ಗರಿಸುತ್ತದೆ. ಬಹುಮಟ್ಟಿಗೆ ರ್ಯಾಮ್ ಕ್ಲಿಯರ್ಡ್. ಅದಕ್ಕೇ ಇದನ್ನು ಮೊದಲು ಎಮ್ಯುಲೇಟರಿನಲ್ಲಿ ಮಾಡಿ. ಇನ್ನೊಂದು, ಈ ನಂಬರ್‌ಗಳು 83 ಪ್ಲಸ್, 84 ಪ್ಲಸ್‌ಗೆ ಮಾತ್ರ. ಬರೀ 83ಕ್ಕೆ ಹಾಕಬೇಡಿ.

ಬೂಟ್‌ಪೇಜ್ · ಗುರುವಾರ ರಾತ್ರಿ

ಮೇಷ್ಟ್ರೇ, ಏಳು ಬೈಟಿಗೆ ದೊಡ್ಡ ನಮಸ್ಕಾರ. ವ್ಯಾಬಿಟ್‌ಎಮುವಿನ ಡೀಬಗ್ಗರ್ (ಒಳಗೆ ನಡೆಯುವುದನ್ನು ತೋರಿಸುವ ಕಿಟಕಿ) ತೆರೆದು, ಬೇಕಾದಲ್ಲಿ ನಿಲ್ಲುವಂತೆ ಬ್ರೇಕ್‌ಪಾಯಿಂಟ್ ಹಾಕಿ, ಒಂದೊಂದೇ ಹೆಜ್ಜೆ ನಡೆಸಿದೆ. 9ಡಿ95 ವಿಳಾಸದಲ್ಲಿ ನಿಮ್ಮ 21 ಕೂತಿದೆ. ಅಸೆಂಬ್ಲಿ ಪ್ರೋಗ್ರಾಮ್‌ಗಳೆಲ್ಲ ಅಲ್ಲಿಂದಲೇ ಓಡುವುದು. ಎಚ್‌ಎಲ್ 07ಎ4 ಆಗುವುದನ್ನು ಕಣ್ಣಾರೆ ನೋಡಬಹುದು. ಅಸಲಿ ಯಂತ್ರದಲ್ಲಿ ಈ ಸುಖ ಇಲ್ಲ.

ಬಾಗಿಲು ಅಂದಿರಲ್ಲ, ಇನ್ನೊಂದು ಬಾಗಿಲಿನ ಕಥೆ ನೆನಪಾಯಿತು. ಈ ಕ್ಯಾಲ್ಕುಲೇಟರಿಗೆ ಬೇರೆಯವರು ಬರೆದ ಆಪರೇಟಿಂಗ್ ಸಿಸ್ಟಮ್ ಹಾಕದಂತೆ ಕಂಪನಿ ಬೀಗ ಹಾಕಿತ್ತು, 512 ಬಿಟ್‌ನ ಆರ್‌ಎಸ್‌ಎ ಸಹಿ, ಅಂದರೆ ಗುಟ್ಟಿನ ಕೀ ಇದ್ದವರು ಮಾತ್ರ ಹಾಕಬಹುದಾದ ಡಿಜಿಟಲ್ ಸಹಿ. 1999ರಲ್ಲಿ ಅಷ್ಟು ಉದ್ದದ ಕೀಯನ್ನು ಮೊದಲ ಸಲ ಒಡೆದಾಗ ನೂರಾರು ಕಂಪ್ಯೂಟರ್ ಬೇಕಾಗಿದ್ದವು. 2009ರಲ್ಲಿ ಬೆಂಜಮಿನ್ ಮೂಡಿ ಎಂಬ ಹವ್ಯಾಸಿ ತನ್ನ ಮನೆಯ ಒಂದೇ ಕಂಪ್ಯೂಟರನ್ನು 73 ದಿನ ಓಡಿಸಿ 83 ಪ್ಲಸ್‌ನ ಕೀ ಕಂಡುಹಿಡಿದ. ಉಳಿದ ಮಾದರಿಗಳ ಕೀಗಳನ್ನು ಹವ್ಯಾಸಿಗಳೆಲ್ಲ ಸೇರಿ, ತಮ್ಮ ತಮ್ಮ ಕಂಪ್ಯೂಟರಿಗೆ ಕೆಲಸ ಹಂಚಿಕೊಂಡು ಒಡೆದರು. ಕಂಪನಿ ಕೀ ಅಳಿಸಿ ಅಂತ ನೋಟಿಸ್ ಕಳಿಸಿತು, ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಹವ್ಯಾಸಿಗಳ ಪರ ನಿಂತಿತು. ಒಂದು ಶಾಲಾ ಕ್ಯಾಲ್ಕುಲೇಟರಿಗಾಗಿ! ಇವತ್ತು ಅದರ ಮೇಲೆ ಯಾರು ಬೇಕಾದರೂ ಬರೆದ ಸಿಸ್ಟಮ್ ಓಡುತ್ತದೆ.

ಸ್ಯಾನ್‌ಹೋಸೆ_ಅಪ್ಪ · ಶುಕ್ರವಾರ ಬೆಳಿಗ್ಗೆ

ಮಗಳ ಶಾಲೆಯಲ್ಲಿ 84 ಪ್ಲಸ್ ಸಿಇ ಕೊಳ್ಳಲು ಹೇಳಿದ್ದಾರೆ. ಬಣ್ಣದ ಪರದೆಯದ್ದು. ಮೇಷ್ಟ್ರ ಏಳು ಬೈಟ್ ಅದರಲ್ಲಿ ಓಡುತ್ತದಾ?

ಡಾಲಸ್‌ಕಾವೇರಿ · ಶುಕ್ರವಾರ ಬೆಳಿಗ್ಗೆ

ಇಲ್ಲ. 2015ರ ಸಿಇಯಲ್ಲಿ ಇರುವುದು ಝೆಡ್80ರ ಹೊಸ ರೂಪವಾದ ಇಝೆಡ್80, ನಂಬರ್‌ಗಳೇ ಬೇರೆ. ಮೇಲಾಗಿ 2020ರ ಅಪ್‌ಡೇಟ್‌ನಿಂದ ಅಸೆಂಬ್ಲಿ ಓಡಿಸುವುದನ್ನೇ ಕಂಪನಿ ತೆಗೆದುಹಾಕಿತು. ಹವ್ಯಾಸಿಗಳು ಅದಕ್ಕೂ ದಾರಿ ಮಾಡಿದ್ದಾರೆ, ಆದರೆ ಮಗಳು ಪರೀಕ್ಷೆಗೆ ಒಯ್ಯುವ ಯಂತ್ರದಲ್ಲಿ ಆ ಸಾಹಸ ಬೇಡ. ಬೇಸಿಕ್ ಆರಾಮಾಗಿ ಓಡುತ್ತದೆ. ಕಂಪ್ಯೂಟರಿನಲ್ಲಿ ಆಡಲು ಸಿಎಮು ಅನ್ನುವ ಎಮ್ಯುಲೇಟರ್ ಇದೆ, ರೋಮ್ ಅವಳ ಯಂತ್ರದಿಂದಲೇ ಇಳಿಸಿಕೊಳ್ಳಿ.

ಎಲೆಅಡಿಕೆ · ಶುಕ್ರವಾರ ರಾತ್ರಿ

ಒಂದು ದುರಾಸೆ. ಎಮ್ಯುಲೇಟರ್ ಬಳಸುವುದಲ್ಲ, ನಾನೇ ಬರೆಯಬೇಕು ಅಂದರೆ?

ಆರ್‌ಪಿಎಲ್‌ಹುಚ್ಚ · ಶುಕ್ರವಾರ ರಾತ್ರಿ

ಭಾನುವಾರ ಟೈಂ ಪಾಸ್ ಅಂದವರು ನೀವೇನಾ?

ಝೆಡ್80ಕ್ಕೆ ಈಗಲೇ ಕೈ ಹಾಕಬೇಡಿ, ಆದೇಶಗಳು ನೂರಾರು. ಚಿಪ್-8 ಬರೆಯಿರಿ. ಅದು ನಿಜವಾದ ಚಿಪ್ ಅಲ್ಲ, 1970ರ ದಶಕದ ಒಂದು ಕಾಲ್ಪನಿಕ ಯಂತ್ರ. ಆದೇಶಗಳು ಮೂವತ್ತೈದರಷ್ಟು, ಪರದೆ 64 ಅಗಲ 32 ಎತ್ತರ. ಪೈಥಾನ್ ಬಂದರೆ ಎರಡು ವಾರಾಂತ್ಯ ಸಾಕು. ಇದಕ್ಕೂ ನಮ್ಮ ವಿಷಯಕ್ಕೂ ನಂಟು ಇದೆ: 1990ರ ಸುಮಾರಿಗೆ ಚಿಪ್-8ಕ್ಕೆ ಮರುಜೀವ ಬಂದದ್ದೇ ಎಚ್‌ಪಿ 48ರ ಮೇಲೆ. ಸೂಪರ್‌ಚಿಪ್ ಅಂತ ದೊಡ್ಡ ಪರದೆಯ ರೂಪ ಬಂತಲ್ಲ, 128 ಅಗಲ 64 ಎತ್ತರ, ಅದು 48ರ 131 ಅಗಲದ ಪರದೆಗೆ ಅಂತಲೇ ಹೊಲಿಸಿದ ಅಂಗಿ.

ಸೆಲ್‌ಖಾಲಿ · ಭಾನುವಾರ ಸಂಜೆ

ಒಂದು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಪಾಜ್ ತೆಗೆದು ಓಡಿಸಿದೆ ಮೇಷ್ಟ್ರೇ. "ಡನ್" ಬಂದು ಮಗ್ಗಿಯ ಮೈಮೇಲೆ ಕೂತಿತು. ವಾಪಸ್ ಹಾಕಿದೆ. 1956 ಎರಡರಲ್ಲೂ ಬಂತು.

ಆದರೆ ಬರೆಯಲು ಬಂದದ್ದು ಅದಕ್ಕಲ್ಲ. ನಿನ್ನೆ ಪಿಆರ್‌ಜಿಎಮ್ ಪಟ್ಟಿ ನೋಡುತ್ತಿದ್ದೆ. ನನ್ನ ಮಗ್ಗಿಯ ಮೇಲೆ ಇನ್ನೊಂದು ಹೆಸರು ಮೊದಲಿಂದಲೂ ಇತ್ತು, ಯಂತ್ರದ ಜೊತೆಗೇ ಬಂದದ್ದು ಇರಬೇಕು ಅಂತ ನೋಡಿರಲೇ ಇಲ್ಲ. ಎಡಕ್ಕೆ ಒಂದು ನಕ್ಷತ್ರ. ಈ ಸಲ ಓದಿದೆ: ಇಂಗ್ಲಿಷ್ ಅಕ್ಷರದಲ್ಲಿ "ಬಾಡಿಗೆ". ಓಡಿಸಿದರೆ ಎರರ್: ಆರ್ಕೈವ್ಡ್.

ಡಾಲಸ್‌ಕಾವೇರಿ · ಭಾನುವಾರ ಸಂಜೆ

ಅಯ್ಯೋ! ನಕ್ಷತ್ರ ಅಂದರೆ ಫ್ಲ್ಯಾಶ್‌ನಲ್ಲಿ ಇದೆ ಅಂತ. ಸೆಲ್ ಸತ್ತರೂ ಅದು ಅಳಿಯುವುದಿಲ್ಲ. ಸೆಕೆಂಡ್, ಪ್ಲಸ್, ಅಲ್ಲಿ ಅನ್‌ಆರ್ಕೈವ್ ಆರಿಸಿ, ಹೆಸರು ಕೊಟ್ಟು ಎಂಟರ್. ಬೇಗ ಹೇಳಿ ಏನಿದೆ ಅಂತ.

ಸೆಲ್‌ಖಾಲಿ · ಭಾನುವಾರ ರಾತ್ರಿ

ತೆರೆಯಿತು. ಮಾವನೂ ಪಕ್ಕದಲ್ಲೇ ಕೂತಿದ್ದರು.

ನಾಲ್ಕು ಜನ ರೂಮ್‌ಮೇಟ್‌ಗಳ ಬಾಡಿಗೆ, ಕರೆಂಟು, ದಿನಸಿ ಹಂಚುವ ಪ್ರೋಗ್ರಾಮ್. ಒಟ್ಟು ಎಷ್ಟು ಅಂತ ಕೇಳಿ ಕೆ, ಆರ್, ಎಸ್, ವಿ ಅಂತ ನಾಲ್ಕು ಪಾಲು ತೋರಿಸುತ್ತದೆ. ನಾಲ್ವರ ಹೆಸರಿನ ಮೊದಲ ಅಕ್ಷರ. ಎಸ್ ಪಾಲು ಮಾತ್ರ ಯಾವಾಗಲೂ ಕಡಿಮೆ ಬರುತ್ತದೆ. ಕೋಡ್ ನೋಡಿದರೆ ಅದನ್ನು 0.8ರಿಂದ ಗುಣಿಸಿ, ಉಳಿದದ್ದನ್ನು ಮೂವರಿಗೆ ಹಂಚಿದ್ದಾರೆ. ಯಾಕೆ ಮಾವ ಅಂದರೆ, "ಅವನೇ ಕಣೋ ದಿನಾ ಅನ್ನ ಸಾರು ಮಾಡ್ತಿದ್ದಿದ್ದು" ಅಂದರು.

ಕೊನೆಯಲ್ಲಿ "ಇನ್ನೊಂದು ತಿಂಗಳು?" ಅಂತ ಕೇಳಿ ದೆನ್ ಒಳಗಿಂದ ಗೋಟು ಹಾಕಿದ್ದಾರೆ. ಚೀಟಿ ಸೋರಿಕೆ! ಸರಿ ಮಾಡಿಕೊಡಲಾ ಅಂದೆ. "ಮುಟ್ಟಬೇಡ" ಅಂದು ಕ್ಯಾಲ್ಕುಲೇಟರ್ ಇಸಿದುಕೊಂಡರು. ಈಗ ಹೊರಗೆ ಜಗುಲಿ ಮೇಲೆ ಕೂತು ಯಾರಿಗೋ ಫೋನ್ ಮಾಡುತ್ತಿದ್ದಾರೆ. "ಸಾರು" ಅನ್ನುವ ಮಾತು ಎರಡು ಸಲ ಕೇಳಿಸಿತು.